ಸ್ವ್ಯಾತೊಸ್ಲಾವ್: ಒಂದು ಹೆಸರಿನ ವಿಚಾರ

ಯಾರದಾದರೂ ಹೆಸರು ಕಿವಿಗೆ ಬಿದ್ದೊಡನೆ ಅದರ ಅರ್ಥ ಹೇಳಿಬಿಡುವ ಚಪಲ ಸಂಸ್ಕೃತ ಓದಿಕೊಂಡವರಿಗೆ ಹೇಗೋ ಅಂಟಿಕೊಳ್ಳುತ್ತದೆ. ನಾನೂ ಅದಕ್ಕೆ ಹೊರತಲ್ಲ. ಆ ಚಪಲದಿಂದ ನಾನು ಮಾಡಿದ ಒಂದು ತಪ್ಪನ್ನು ಒಪ್ಪಿಕೊಳ್ಳುವುದೇ ಈ ಭಾಷಣದ ಉದ್ದೇಶವೆಂದರೂ ಸಲ್ಲುತ್ತದೆ.

ಸುಮಾರು 45 ವರ್ಷಗಳ ಹಿಂದಿನ ಮಾತು. ಬೆಂಗಳೂರಿನಲ್ಲಿ ಚಿತ್ರಕಲೆಯ ಅಧ್ಯಾಪಕರಾಗಿದ್ದ ನನ್ನ ಸ್ನೇಹಿತರೊಬ್ಬರಿಗೆ ಗಂಡುಮಗು ಹುಟ್ಟಿತು. ಅವರು ರಷ್ಯದ ಕಲಾವಿದ ರೋರಿಕ್ ಅವರ ಪರಮಾಭಿಮಾನಿ. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ, 1945ರಲ್ಲಿ ಚಿತ್ರತಾರೆ ದೇವಿಕಾರಾಣಿಯವರನ್ನು ವರಿಸಿ, ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ನೆಲೆಸಿ, 1993ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡ ಆ ಹಿರಿಯರನ್ನು ಕಂಡವರು ನಮ್ಮಲ್ಲಿ ಇನ್ನೂ ಅನೇಕರಿದ್ದಾರೆ. ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿಗೆ ನೆಹರೂ ಅವರ ಭಾವಚಿತ್ರವನ್ನು ಬರೆದವರೂ ಅವರೇ. ನನ್ನ ಸ್ನೇಹಿತರಿಗೆ ಮಗನಿಗೆ ಅವರ ಹೆಸರನ್ನೇ ಇಡಬೇಕೆಂಬ ಆಸೆ. ಆದರೆ ಮನೆಯಲ್ಲಿದ್ದ ಅಜ್ಜಿಯ ನಾಲಗೆ ಹೊರಳಬೇಕಲ್ಲ! ಅದಕ್ಕೆ ಸರಿದೊರೆಯಾದ ಸಂಸ್ಕೃತದ ಹೆಸರೊಂದನ್ನು ಹೇಳಿ ಎಂದು ನನ್ನನ್ನು ಕೇಳಿದರು.

ನಮ್ಮ ಪತ್ರಿಕೆಗಳು ಆ ಕಲಾವಿದರ ಹೆಸರನ್ನು ಸ್ವೆತೊಸ್ಲಾವ್ ಎಂದು ಅಚ್ಚುಮಾಡುತ್ತಿದ್ದುವು. ರಷ್ಯನ್ ಭಾಷೆಯಲ್ಲಿ ಸ್ವೆತ್ ಎಂದರೆ ಬೆಳಕು ಎಂಬಷ್ಟು ನನಗೆ ಗೊತ್ತಿತ್ತು. ಅದು ನಮ್ಮ ಶ್ವೇತ ಶಬ್ದದ ಒಡಹುಟ್ಟು. ಸ್ಲಾವ ಎಂದರೆ ಕೀರ್ತಿ. ಅದು ನಮ್ಮ ಶ್ರವಸ್. ಕೀರ್ತಿಯ ಬಣ್ಣ ಬಿಳಿ ಎಂಬುದಂತೂ ನಮ್ಮ ಕವಿಗಳ ಸಮಯವೇ ಆಗಿದೆ. ಇನ್ನೇನು ಬೇಕು? ಕುಳಿತಲ್ಲಿಯೇ ‘ಶ್ವೇತಶ್ರವ’ ಎಂದೆ. ಸ್ನೇಹಿತರು ಸಂತೋಷಪಟ್ಟರು. ಹುಡುಗನಿಗೆ ಅದೇ ಹೆಸರಾಯಿತು.

ಆ ಹುಡುಗ ಈಗ ಪೋಲೆಂಡಿನ ವಾರ್ಸಾ ನಗರದಲ್ಲಿ ಎಂಜಿನಿಯರ್. ಕಳೆದ ವರ್ಷ ಅವನಿಂದ ಒಂದು ಪತ್ರ ಬಂತು. “ಮೇಷ್ಟ್ರೇ, ನನ್ನ ಪಕ್ಕದ ಮೇಜಿನಲ್ಲಿ ಉಕ್ರೇನಿನವರೊಬ್ಬರು ಕೆಲಸಕ್ಕೆ ಸೇರಿದ್ದಾರೆ. ಅವರ ಹೆಸರು ಸ್ವ್ಯಾತೊಸ್ಲಾವ್. ನಿಮ್ಮ ಹೆಸರೇ ನನ್ನ ಹೆಸರು ಎಂದು ಹೇಳಿ ಅರ್ಥ ವಿವರಿಸಿದೆ. ಅವರು ನಕ್ಕು, ನಮ್ಮ ಹೆಸರಿಗೂ ಬಿಳಿಗೂ ಬೆಳಕಿಗೂ ಸಂಬಂಧವೇ ಇಲ್ಲ ಎಂದರು. ಅಪ್ಪ ಇಲ್ಲ, ಕೇಳೋಣವೆಂದರೆ. ನನ್ನ ಹೆಸರಿನ ಅರ್ಥವೇನು, ತಿಳಿಸಿ” ಎಂದು ಬರೆದಿದ್ದ. ನಲವತ್ತು ದಾಟಿದ ಮನುಷ್ಯನೊಬ್ಬ ಹೀಗೆ ಕೇಳಿದಾಗ, ಕೇಳಿಸಿಕೊಂಡವನ ಪಾಡು ಏನೆಂಬುದನ್ನು ನೀವೇ ಊಹಿಸಬಹುದು. ಅಂದಿನಿಂದ ನಾನು ಪುಸ್ತಕಗಳನ್ನು ಹರಡಿಕೊಂಡು ಕುಳಿತೆ.

ಮೊದಲು ಉತ್ತರಪದವನ್ನು ನೋಡೋಣ. ಅಲ್ಲಿ ನಾನು ತಪ್ಪಿರಲಿಲ್ಲ. ಸಂಸ್ಕೃತದ ಶ್ರು ಧಾತು, ಅಂದರೆ ಕೇಳುವುದು, ಸ್ಲಾವ್ ಭಾಷೆಗಳಲ್ಲಿ ಸಕಾರವನ್ನೂ ಲಕಾರವನ್ನೂ ಪಡೆದು ಬಾಳುತ್ತಿದೆ. ಕೇಳುವುದಕ್ಕೆ ರಷ್ಯನ್ನಿನಲ್ಲಿ ಸ್ಲಿಶತ್, ಮಾತಿಗೆ ಸ್ಲೋವೊ, ಕೀರ್ತಿಗೆ ಸ್ಲಾವ. ಜನರ ಬಾಯಲ್ಲಿ ಕೇಳಿಬರುವುದೇ ಕೀರ್ತಿ ಎಂಬ ಭಾವನೆ ಇಡೀ ಭಾಷಾ ಕುಟುಂಬಕ್ಕೆ ಸಮಾನವಾದದ್ದು. ಗ್ರೀಕರ ಕ್ಲೆಯೊಸ್ ಇದೇ ಶಬ್ದ. ಪೆರಿಕ್ಲೀಸ್, ಥೆಮಿಸ್ಟೊಕ್ಲೀಸ್ ಮೊದಲಾದವರ ಹೆಸರುಗಳ ಬಾಲದಲ್ಲಿ ಇರುವುದೂ ಅದೇ. ವೇದದಲ್ಲಿಯೂ ಹೋಮರನಲ್ಲಿಯೂ ‘ಅಳಿಯದ ಕೀರ್ತಿ’ ಎಂಬರ್ಥದ ನುಡಿಗಟ್ಟು ಒಂದೇ ಧಾತುಗಳಿಂದ ಕೂಡಿ ಬಂದಿರುವುದನ್ನು ಜರ್ಮನಿಯ ಆಡಲ್ಬರ್ಟ್ ಕೂನ್ 1853ರಲ್ಲಿಯೇ ಎತ್ತಿ ತೋರಿಸಿದರು. ನಮ್ಮ ಭಾರತದ ಕಥೆಯಲ್ಲಿ ಅರ್ಜುನನಿಂದ ತೋಳು ಕಳೆದುಕೊಂಡು ಸಾತ್ಯಕಿಯ ಕೈಯಲ್ಲಿ ಮಡಿಯುವ ಭೂರಿಶ್ರವ ಇದ್ದಾನಲ್ಲ, ಅವನ ಹೆಸರು ಇದೇ ಅಚ್ಚಿನದು. ರಷ್ಯದ ವ್ಯಚೆಸ್ಲಾವ್, ಚೆಕ್ ಜನರ ವಾತ್ಸ್‌ಲಾವ್ ಎಂಬ ಹೆಸರುಗಳಿಗೆ ‘ಹೆಚ್ಚಿನ ಕೀರ್ತಿಯವನು’ ಎಂದೇ ಅರ್ಥ. ಅವರು ಯೂರೋಪಿನ ಭೂರಿಶ್ರವರು. (ಶ್ರವಣಬೆಳಗೊಳದ ಶ್ರವಣ ಇಲ್ಲಿಗೆ ಸೇರಿದ್ದಲ್ಲ, ಅದು ಶ್ರಮಣ ಶಬ್ದದ ರೂಪಾಂತರ. ಈ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆಂದು ಮೊದಲೇ ಹೇಳಿದ್ದೇನೆ.)

ನಾನು ಎಡವಿದ್ದು ಪೂರ್ವಪದದಲ್ಲಿ. ಹೆಸರಿನ ಮೊದಲಲ್ಲಿ ಇರುವುದು ಬೆಳಕೆಂಬ ಸ್ವೆತ್ ಅಲ್ಲ, ಪವಿತ್ರವೆಂಬ ಸ್ವ್ಯಾತ್. ಇಂದು ಇವೆರಡೂ ಕಿವಿಗೆ ಹತ್ತಿರವಾಗಿ ಕೇಳಿಸಿದರೂ ಮೂಲದಲ್ಲಿ ಬೇರೆಬೇರೆ. ಎರಡನೆಯದರಲ್ಲಿ ಹಿಂದೆ ಒಂದು ಅನುನಾಸಿಕವಿತ್ತು. ಸ್ವೆಂತ್ ಎಂಬಂತೆ ಉಚ್ಚರಿಸುತ್ತಿದ್ದರು. ಹಳಗನ್ನಡದ ತೋಂಟ ಇಂದು ತೋಟವಾಗಿಲ್ಲವೆ? ದಾಂಟು ಎಂಬುದು ದಾಟು ಆಗಿಲ್ಲವೆ? ಅದೇ ರೀತಿ ರಷ್ಯನ್ನಿನಲ್ಲಿ ಆ ಅನುನಾಸಿಕ ಅಳಿಯಿತು. ನಮ್ಮಲ್ಲಿ ತೋಂಟದಾರ್ಯ ಎಂಬ ಹೆಸರಿನಲ್ಲಿ ಹಳೆಯ ಬಿಂದು ಉಳಿದುಕೊಂಡಿರುವಂತೆ, ಪೋಲಿಷ್ ಭಾಷೆಯಲ್ಲಿ ಇಂದಿಗೂ ಈ ಹೆಸರು ಶ್ವ್ಯೆಂತೊಸ್ವಾಫ್ ಎಂದು ಮೂಗಿನಿಂದ ಹೊರಡುತ್ತದೆ. ಲಿಥುವೇನಿಯದವರು ಪವಿತ್ರಕ್ಕೆ ಶ್ವೆಂತಸ್ ಎನ್ನುತ್ತಾರೆ, ಬೆಳಕಿಗೆ ಶ್ವಿಯೆಸಾ. ಪಾರ್ಸಿಗಳ ಧರ್ಮಗ್ರಂಥವಾದ ಅವೆಸ್ತಾದಲ್ಲಿ ಭೇದ ಇನ್ನೂ ಸ್ಪಷ್ಟ. ನಮ್ಮ ‘ಶ್ವ’ ಅಲ್ಲಿ ‘ಸ್ಪ’ ಆಗುತ್ತದೆ: ಅಶ್ವವು ಅಸ್ಪವಾದಂತೆ. ಅಲ್ಲಿ ಬಿಳಿಗೆ ಸ್ಪಏತ, ಪವಿತ್ರಕ್ಕೆ ಸ್ಪೆಂತ. ಸ್ಪೆಂತ ಮೈನ್ಯು ಎಂದರೆ ಅವರ ಶುಭಶಕ್ತಿ. ಈ ಎರಡು ಪದಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದರೆ ನಾನು ಅಂದು ಬಾಯಿ ಬಿಡುತ್ತಿರಲಿಲ್ಲ.

ಆ ಅನುನಾಸಿಕಕ್ಕೆ ಸೊಗಸಾದ ಸಾಕ್ಷಿಯೊಂದಿದೆ. ಹತ್ತನೆಯ ಶತಮಾನದ ನಡುವಿನಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಚಕ್ರವರ್ತಿ ಏಳನೆಯ ಕಾನ್‌ಸ್ಟಂಟೈನ್ ತನ್ನ ಮಗನಿಗಾಗಿ ರಾಜ್ಯಾಡಳಿತವನ್ನು ಕುರಿತು ಒಂದು ಗ್ರಂಥವನ್ನು ರಚಿಸಿದ. ಅದರಲ್ಲಿ ಉತ್ತರದ ರುಸ್ ನಾಡಿನ ದೊರೆ ಈಗೊರನ ಮಗನ ಹೆಸರನ್ನು ಸ್ಫೆಂದೊಸ್ಥ್ಲಾವೊಸ್ ಎಂದು ಬರೆದಿದ್ದಾನೆ. ‘ಸ್ಲ’ ಎಂಬ ಒತ್ತಕ್ಷರ ಗ್ರೀಕರ ನಾಲಗೆಗೆ ಒಗ್ಗದು. ನಮ್ಮ ಹಳ್ಳಿಯವರು ಸ್ಕೂಲನ್ನು ಇಸ್ಕೂಲು ಮಾಡಿಕೊಂಡಂತೆ ಅವರು ನಡುವೆ ಒಂದು ಥಕಾರವನ್ನು ತುರುಕಿದರು. ಆದರೆ ‘ಸ್ಫೆಂ’ ಎಂಬಲ್ಲಿ ಆ ಬಿಂದು ನಿಚ್ಚಳವಾಗಿದೆ. ಇನ್ನೊಂದು ಸಾಕ್ಷಿ ದೂರದ ಇಂಗ್ಲೆಂಡಿನದು. ವಿಂಚೆಸ್ಟರಿನ ಮಠವೊಂದರಲ್ಲಿ ಬರೆದಿಟ್ಟ ಹನ್ನೊಂದನೆಯ ಶತಮಾನದ ನಾಮಾವಳಿಯಲ್ಲಿ ದೊರೆ ಕ್ನೂಟನ ಸೋದರಿಯ ಹೆಸರು ಸಾಂತ್‌ಸ್ಲಾವೆ ಎಂದಿದೆ. ಅದು ನಮ್ಮ ಹೆಸರಿನ ಸ್ತ್ರೀರೂಪ; ಕ್ನೂಟನ ತಾಯಿ ಪೋಲಿಷ್ ರಾಜಕುಮಾರಿ ಎಂಬುದನ್ನು ನೆನೆದರೆ ಆ ಹೆಸರು ಅಲ್ಲಿಗೆ ಹೇಗೆ ಹೋಯಿತೆಂಬುದು ತಿಳಿಯುತ್ತದೆ.

ಈಗ ಒಂದು ತೊಡಕು. ಈಗೊರನ ಮಗನಾದ ಈ ಸ್ವ್ಯಾತೊಸ್ಲಾವ್, ಕೀವಿನ ದೊರೆ, ಹೆಸರಿನಲ್ಲಿ ಪವಿತ್ರನಾದರೂ ಕ್ರೈಸ್ತನಲ್ಲ. ತಾಯಿ ಓಲ್ಗ ದೀಕ್ಷೆ ಪಡೆದಳು, ಮಗನಿಗೂ ಹೇಳಿದಳು. ನನ್ನ ಪಡೆಯವರು ನಗುತ್ತಾರೆ ಎಂದು ಅವನು ಒಪ್ಪಲಿಲ್ಲವಂತೆ, ರುಸ್ ನಾಡಿನ ಪ್ರಾಚೀನ ವೃತ್ತಾಂತ ಹಾಗೆ ಹೇಳುತ್ತದೆ. ಆತ ಕಜಾರರನ್ನು ಮುರಿದ, ಬಲ್ಗೇರಿಯದ ಮೇಲೆ ದಂಡೆತ್ತಿ ಹೋದ, 971ರಲ್ಲಿ ಡ್ಯಾನ್ಯೂಬ್ ನದಿಯ ದಡದಲ್ಲಿ ಚಕ್ರವರ್ತಿ ಜಾನ್ ಟ್ಸಿಮಿಸ್ಕಿಸನೊಡನೆ ಸಂಧಿ ಮಾಡಿಕೊಂಡ. ಆ ಭೇಟಿಯ ಚಿತ್ರವನ್ನು ಗ್ರೀಕ್ ಇತಿಹಾಸಕಾರ ಲಿಯೊ ಬರೆದಿಟ್ಟಿದ್ದಾನೆ: ಉಳಿದವರೊಡನೆ ತಾನೂ ಹುಟ್ಟು ಹಾಕುತ್ತ ದೋಣಿಯಲ್ಲಿ ಬಂದ ದೊರೆ, ಮಧ್ಯಮ ಎತ್ತರ, ನೀಲಿ ಕಣ್ಣು, ಮೊಂಡು ಮೂಗು, ಬೋಳಿಸಿದ ತಲೆಯ ಒಂದು ಪಕ್ಕಕ್ಕೆ ಇಳಿಬಿದ್ದ ಜುಟ್ಟು, ಒಂದು ಕಿವಿಯಲ್ಲಿ ಎರಡು ಮುತ್ತು, ನಡುವೆ ಕೆಂಪು ಹರಳಿನ ಚಿನ್ನದ ಓಲೆ. ಊರಿಗೆ ಮರಳುವಾಗ 972ರಲ್ಲಿ ನೀಪರ್ ನದಿಯ ಬಂಡೆಗಳ ಬಳಿ ಪೆಚೆನೆಗರು ಹೊಂಚಿ ಅವನನ್ನು ಕೊಂದರು. ತಲೆಬುರುಡೆಗೆ ಕಟ್ಟು ಹಾಕಿಸಿ ಪಾನಪಾತ್ರೆ ಮಾಡಿಕೊಂಡರೆಂದು ಅದೇ ವೃತ್ತಾಂತ ಹೇಳುತ್ತದೆ. ಇವನ ಮಗ ವ್ಲಾದಿಮಿರ್ 988ರ ಸುಮಾರಿಗೆ ನಾಡನ್ನೆಲ್ಲ ಕ್ರೈಸ್ತಮತಕ್ಕೆ ತಂದ.

ಹಾಗಾದರೆ ಕ್ರೈಸ್ತಮತಕ್ಕೆ ಮೊದಲು ‘ಸ್ವೆಂತ್’ ಎಂದರೇನು? ಬಾಲ್ಟಿಕ್ ಸಮುದ್ರದ ರ್ಯೂಗೆನ್ ದ್ವೀಪದ ಆರ್ಕೋನ ಎಂಬಲ್ಲಿ 1168ರವರೆಗೂ ಸ್ವಾಂತೊವಿತ್ ಎಂಬ ದೇವರ ಗುಡಿಯಿತ್ತು. ಆ ವರ್ಷ ಡೆನ್ಮಾರ್ಕಿನ ದೊರೆ ವಾಲ್ಡಮಾರ್ ಅದನ್ನು ಕೆಡವಿಸಿದ. ಆ ವಿಗ್ರಹಕ್ಕೆ ನಾಲ್ಕು ತಲೆಗಳು. ಅದರ ಕೈಯಲ್ಲಿ ಮದ್ಯ ತುಂಬಿದ ಒಂದು ಕೊಂಬು. ವರ್ಷಕ್ಕೊಮ್ಮೆ ಸುಗ್ಗಿಯ ಬಳಿಕ ಪೂಜಾರಿ ಕೊಂಬನ್ನು ನೋಡುವನು. ಮದ್ಯ ಇಳಿದಿದ್ದರೆ ಬರುವ ವರ್ಷ ಬರ, ತುಂಬಿದ್ದರೆ ಸಮೃದ್ಧಿ. ಡೆನ್ಮಾರ್ಕಿನ ಸಾಕ್ಸೊ ಎಂಬ ವಿದ್ವಾಂಸ ಇದನ್ನೆಲ್ಲ ವಿವರಿಸಿದ್ದಾನೆ. ಆ ದೇವರ ಹೆಸರಿನಲ್ಲಿರುವ ‘ಸ್ವಾಂತ್’ ನಮ್ಮ ಪೂರ್ವಪದವೇ. ಮಡಿ, ಪಾಪಪುಣ್ಯ ಇವುಗಳಿಗಿಂತ ಬೆಳೆ, ಬಲ, ವೃದ್ಧಿ ಇವುಗಳ ಕಡೆಗೆ ಅದರ ಮುಖವಿತ್ತೆಂದು ತೋರುತ್ತದೆ. ಉಬ್ಬುವುದು, ಬೆಳೆಯುವುದು ಎಂಬರ್ಥದ ನಮ್ಮ ಶ್ವಿ ಧಾತುವಿಗೆ ಇದನ್ನು ಜೋಡಿಸುವ ಪಂಡಿತರಿದ್ದಾರೆ, ಎಲ್ಲರೂ ಒಪ್ಪಿಲ್ಲ. ನನಗೆ ಮಾತ್ರ ಆ ತುಂಬಿದ ಕೊಂಬು ಕಣ್ಣಮುಂದಿರುವಾಗ ಆ ಪಕ್ಷವೇ ಹಿಡಿಸುತ್ತದೆ.

ಇನ್ನೊಂದು ಊಹೆ ನನ್ನ ಪ್ರಕರಣಕ್ಕೆ ತೀರ ಹತ್ತಿರದ್ದು. ಆ ರಾಜವಂಶದ ಹಿರಿಯರು ಸ್ಕ್ಯಾಂಡಿನೇವಿಯದಿಂದ ಬಂದವರು. ಈಗೊರ್ ಎಂಬುದು ಇಂಗ್ವಾರ್. ಓಲೆಗ್, ಓಲ್ಗ ಎಂಬುವು ಹೆಲ್ಗಿ, ಹೆಲ್ಗ. ಹೆಲ್ಗಿ ಎಂದರೆ ಪವಿತ್ರ. ಮೂಲಪುರುಷ ರ್ಯೂರಿಕನ ಹೆಸರಿನ ಮೊದಲಲ್ಲಿ ಇರುವುದು ಕೀರ್ತಿ ಎಂಬರ್ಥದ ಪದ. ವಂಶದಲ್ಲಿ ಮೊದಲಬಾರಿಗೆ ಸ್ಲಾವ್ ಭಾಷೆಯ ಹೆಸರು ಪಡೆದ ದೊರೆಗೆ, ತಾಯಿಯ ಹೆಸರನ್ನೂ ಮೂಲಪುರುಷನ ಹೆಸರನ್ನೂ ಅನುವಾದಿಸಿ ಜೋಡಿಸಿದ್ದೇ ಸ್ವ್ಯಾತೊಸ್ಲಾವ್ ಎಂದು ಕೆಲವರ ಅಭಿಪ್ರಾಯ. ನಿಜವಾಗಿದ್ದರೆ ಅಲ್ಲಿಯೂ ನನ್ನಂಥ ಒಬ್ಬ ಅನುವಾದಕನಿದ್ದನೆನ್ನಬೇಕು. ಅವನು ನನಗಿಂತ ಎಚ್ಚರಿಕೆಯವನು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. ಕ್ರೈಸ್ತರಾದ ಮೇಲೂ ರುಸ್ ರಾಜಕುಮಾರರಿಗೆ ಮನೆತನದ ಹೆಸರೊಂದು, ದೀಕ್ಷೆಯ ಹೆಸರೊಂದು ಇರುತ್ತಿದ್ದುವು. 1076ರಲ್ಲಿ ತೀರಿಕೊಂಡ ಎರಡನೆಯ ಸ್ವ್ಯಾತೊಸ್ಲಾವನ ದೀಕ್ಷಾನಾಮ ನಿಕೊಲಾಯ್. 1252ರಲ್ಲಿ ತೀರಿಕೊಂಡ ವ್ಲಾದಿಮಿರ್ ನಗರದ ಸ್ವ್ಯಾತೊಸ್ಲಾವ್, ದೀಕ್ಷೆಯಲ್ಲಿ ಗವ್ರಿಯಿಲ್, ಸಂತನೆಂದು ಪೂಜೆಗೊಂಡ. ಹೀಗೆ ಮೊಂಡ ಯೋಧನ ಹೆಸರು ಚರ್ಚಿನ ಪಂಚಾಂಗದೊಳಗೆ ಸೇರಿ, ‘ಪವಿತ್ರ ಕೀರ್ತಿ’ ಎಂಬ ಅರ್ಥ ಗಟ್ಟಿಯಾಯಿತು. ಬಲ್ಗೇರಿಯದಲ್ಲಿ ಹಳೆಯ ಅನುನಾಸಿಕ ಎಕಾರವಾಗಿ ಸ್ವೆತೊಸ್ಲಾವ್ ಆಯಿತು. ಅಲ್ಲಿ 14ನೆಯ ಶತಮಾನದ ಮೊದಲಲ್ಲಿ ಈ ಹೆಸರಿನ ದೊರೆಯೊಬ್ಬ ಆಳಿದ. ಸೆರ್ಬಿಯದವರು ಸ್ವೆತಿಸ್ಲಾವ್ ಎಂದೂ ಹೇಳುತ್ತಾರೆ. ಚೆಕ್ ರೂಪ ಸ್ವಾತೊಸ್ಲಾವ್. ಉಕ್ರೇನಿನವರು ಕರೆಯುವಾಗ ಸ್ವ್ಯಾತೊಸ್ಲಾವೆ ಎನ್ನುತ್ತಾರೆ. ಸಂಬೋಧನಾ ವಿಭಕ್ತಿಯನ್ನು ನಮ್ಮಂತೆ ಇಂದಿಗೂ ಕಾಪಾಡಿಕೊಂಡವರು ಅವರು. ಸಲುಗೆಯ ಹೆಸರು ಸ್ಲಾವ. ಇದರಲ್ಲೊಂದು ತಮಾಷೆಯಿದೆ. ಸ್ಲಾವ್ ಎಂದು ಮುಗಿಯುವ ಹೆಸರಿನವರೆಲ್ಲರೂ ಮನೆಯಲ್ಲಿ ಸ್ಲಾವರೇ. ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಖ್ತರ್, ಸೆಲ್ಲೊ ವಾದಕ ಮ್ಸ್ತಿಸ್ಲಾವ್ ರೊಸ್ತ್ರೊಪೊವಿಚ್ ಇಬ್ಬರೂ ಕೂಡಿ ಬೀಥೊವನ್ನನ ಸೊನಾಟಗಳನ್ನು ನುಡಿಸಿದ ಧ್ವನಿಮುದ್ರಿಕೆಗಳು ಪ್ರಸಿದ್ಧವಾಗಿವೆ. ಸ್ನೇಹಿತರಿಗೆ ಇಬ್ಬರೂ ಸ್ಲಾವ.

ಇಷ್ಟಾದ ಮೇಲೆ ನಾನು ಹುಡುಗನಿಗೆ ಬರೆದೆ. ಅರ್ಥವನ್ನು ನೆಚ್ಚಿ ಹೇಳುವುದಾದರೆ ನಿನ್ನ ಹೆಸರು ಪುಣ್ಯಶ್ಲೋಕ ಎಂದಾಗಬೇಕಿತ್ತು. ಶ್ಲೋಕವೂ ಶ್ರು ಧಾತುವಿನ ಬಳಗದ್ದೇ. ಪದ್ಯ, ಯಶಸ್ಸು ಎಂದು ಅಮರಕೋಶ ಅದಕ್ಕೆ ಎರಡು ಅರ್ಥಗಳನ್ನು ಹೇಳಿದೆ. ಬೆಳಗ್ಗೆ ಎದ್ದು ಹಿರಿಯರು ನೆನೆಯುವ ಪುಣ್ಯಶ್ಲೋಕರಲ್ಲಿ ನಳನೇ ಮೊದಲಿಗ. ಪುಣ್ಯ ಎಂಬುದರ ಧಾತು ಬೇರೆಯಾದರೂ ಭಾವ ಅದೇ. ಆತುರದಲ್ಲಿ ನಿನಗೆ ಬೇರೊಂದು ಹೆಸರು ಕೊಟ್ಟೆ, ಮನ್ನಿಸು ಎಂದೆ.

ಪತ್ರವನ್ನು ಅಂಚೆಗೆ ಹಾಕುವ ಮುನ್ನ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅದನ್ನೂ ಕೊನೆಗೆ ಸೇರಿಸಿದೆ. ಸ್ವ್ಯಾತೊಸ್ಲಾವ್ ಎಂಬುದಕ್ಕೆ ನ್ಯಾಯವಾಗಿ ಸ್ವ್ಯಾತಿಕ್ ಎಂಬ ಮುದ್ದಿನ ಹೆಸರು ಬರಬೇಕು. ಆದರೆ ಒತ್ತಿಲ್ಲದ ಅಕ್ಷರ ರಷ್ಯನ್ನರ ಬಾಯಲ್ಲಿ ಸವೆಯುವುದರಿಂದ, ಬೆಳಕಿನ ನೆನಪೂ ಜೊತೆಗೂಡಿ, ಅನೇಕ ಮನೆಗಳಲ್ಲಿ ಸ್ವೆತಿಕ್ ಎಂದು ಕರೆಯುತ್ತಾರೆ. ರಿಖ್ತರ್ ಅವರ ಮನೆಯಲ್ಲಿ ಅವರು ಸ್ವೆತಿಕ್. ನಮ್ಮ ತಾತಗುಣಿಯ ಕಲಾವಿದರನ್ನು ಅವರ ತಾಯಿ ಹೆಲೆನಾ ರೋರಿಕ್ ತಮ್ಮ ಪತ್ರಗಳಲ್ಲಿ ಸ್ವೆತಿಕ್ ಎಂದೇ ಬರೆದಿದ್ದಾರೆ.

ಉತ್ತರ ಬಂದಿದೆ. ಶಾಲೆಯಲ್ಲಿ ಹುಡುಗಿಯ ಹೆಸರೆಂದು ಗೆಳೆಯರು ಗೇಲಿ ಮಾಡುತ್ತಿದ್ದರೂ ಅಮ್ಮ ಮಾತ್ರ ಇಂದಿಗೂ ತನ್ನನ್ನು ‘ಶ್ವೇತು’ ಎಂದೇ ಕರೆಯುತ್ತಾಳೆಂದು ಬರೆದಿದ್ದಾನೆ. ಬೇಸಗೆಯ ರಜೆಗೆ ಬಂದಾಗ, ನನ್ನ ಪತ್ರದ ಕೊನೆಯ ಭಾಗವನ್ನು ನಾನೇ ಅವರ ಮನೆಗೆ ಬಂದು ತಾಯಿಗೆ ಓದಿ ಹೇಳಬೇಕಂತೆ.