ಓದಬೇಕಾದ ಚಿತ್ರಗಳು

ಒಬ್ಬ ಮನುಷ್ಯ ಕುಳಿತಿದ್ದಾನೆ. ಅವನಿಂದ ಸಣ್ಣದೊಂದು ಗೆರೆ ಹೊರಟಿದೆ. ಗೆರೆಯ ತುದಿಯಲ್ಲಿ ಒಂದು ಹಾವು, ಅದರ ಬೆನ್ನುದ್ದಕ್ಕೂ ಕರಿಯ ಗಾಜುಗಲ್ಲಿನ ಅಲಗುಗಳು. ಮೆಕ್ಸಿಕೋದಲ್ಲಿ 1541ರ ಸುಮಾರಿಗೆ ಸಿದ್ಧವಾದ ‘ಮೆಂಡೋಸಾ’ ಗ್ರಂಥದಲ್ಲಿ ಈ ಚಿತ್ರವನ್ನು ಕಂಡವರು ಇದಾವುದೋ ಪುರಾಣಕಥೆ ಇರಬೇಕೆಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಇದು ಕಥೆಯಲ್ಲ, ಬರಿಯ ಹೆಸರು. ಅಜ್ಟೆಕರ ನಾವಾತ್ಲ್ ನುಡಿಯಲ್ಲಿ ‘ಇತ್ಸ್‌ತ್ಲಿ’ ಎಂದರೆ ಆ ಗಾಜುಗಲ್ಲು, ‘ಕೋವಾತ್ಲ್’ ಎಂದರೆ ಹಾವು. ಕೂಡಿಸಿ ಓದಿ: ಇತ್ಸ್‌ಕೋವಾತ್ಲ್. 1440ರಲ್ಲಿ ತೀರಿಕೊಂಡ ದೊರೆಯ ಹೆಸರು ಅದು. ಅವನಿಗಿಂತ ಹಿಂದಿನ ದೊರೆ ಚಿಮಾಲ್‌ಪೊಪೊಕನಿಗೆ ಹೊಗೆಯಾಡುವ ಗುರಾಣಿ; ಹೆಸರಿನ ಅರ್ಥವೂ ಅದೇ.

ಇಷ್ಟೇ ಆಗಿದ್ದರೆ ಕೆಲಸ ಸುಲಭ. ನಮ್ಮಲ್ಲಿಯೂ ನಾಗಪ್ಪನಿಗೊಂದು ಹಾವು, ಕಮಲಮ್ಮನಿಗೊಂದು ಹೂವು ಬರೆದುಬಿಡಬಹುದು. ಸುಬ್ಬಣ್ಣನಿಗೆ ಏನನ್ನು ಬರೆಯುತ್ತೀರಿ?

ಅಲ್ಲಿಯ ಲಿಪಿಕಾರರು ಇದಕ್ಕೂ ದಾರಿ ಕಂಡಿದ್ದರು. ಚಿತ್ರದ ಅರ್ಥವನ್ನು ಬಿಟ್ಟು ಅದರ ಸದ್ದನ್ನು ಮಾತ್ರ ಹಿಡಿದರು. ಅದೇ ಇತ್ಸ್‌ಕೋವಾತ್ಲನ ಹೆಸರನ್ನು ಹಾವಿಲ್ಲದೆಯೂ ಬರೆದದ್ದುಂಟು: ಗಾಜುಗಲ್ಲಿನಿಂದ ‘ಇತ್ಸ್’, ಮಡಕೆಯಿಂದ (‘ಕೋಮಿತ್ಲ್’) ‘ಕೋ’, ನೀರಿನಿಂದ (‘ಆತ್ಲ್’) ‘ಆ’. ಅಲ್ಲಿ ಮಡಕೆಗೂ ನೀರಿಗೂ ದೊರೆಗೂ ಯಾವ ಸಂಬಂಧವೂ ಇಲ್ಲ. ಇದನ್ನು ಬರಿಯ ಚಿತ್ರವೆನ್ನಲು ನನ್ನ ಮನಸ್ಸೊಪ್ಪದು, ಬರವಣಿಗೆಯೆಂದೇ ಹೇಳಬೇಕು.

1521ರಲ್ಲಿ ಸ್ಪೇನಿನವರು ರಾಜಧಾನಿಯನ್ನು ಗೆದ್ದರು. ಹಳೆಯ ಗ್ರಂಥಗಳೆಷ್ಟೋ ಬೆಂಕಿಯ ಪಾಲಾದವು. ಆದರೆ ತೆರಿಗೆ ಎತ್ತಬೇಕಲ್ಲ! ಲೆಕ್ಕಕ್ಕೆ ಜನರ ಪಟ್ಟಿ ಬೇಕು. ಪಟ್ಟಿ ಬರೆಯಬಲ್ಲವರು ಆ ಹಳೆಯ ಲಿಪಿಕಾರರೇ. ಹೀಗೆ ವೆಶೋತ್ಸಿಂಕೋ ಸೀಮೆಯಲ್ಲಿ 1560ರಲ್ಲೊಂದು ಗಣತಿಯಾಯಿತು. ಪುಟ ಪುಟದಲ್ಲಿಯೂ ಸಾಲುಸಾಲಾಗಿ ತಲೆಗಳು, ಒಂದೊಂದು ತಲೆಗೂ ಒಂದೊಂದು ಹೆಸರಿನ ಚಿತ್ರ. ದೊರೆಗಳಲ್ಲ, ಸಾಮಾನ್ಯ ಪ್ರಜೆಗಳು. ಅಷ್ಟರಲ್ಲಿ ಜನರಿಗೆಲ್ಲ ದೀಕ್ಷಾಸ್ನಾನವಾಗಿ ಊರ ತುಂಬ ಹುವಾನ್, ಪೆದ್ರೋಗಳೇ. ಒಬ್ಬ ಹುವಾನನಿಂದ ಇನ್ನೊಬ್ಬನನ್ನು ಬೇರೆ ಮಾಡಿ ತೋರುತ್ತಿದ್ದುದು, ಅವನ ಅಜ್ಜಿಗೂ ಅರ್ಥವಾಗುತ್ತಿದ್ದ ಆ ಹದ್ದು, ಆ ಹೂವು, ಆ ಕಲ್ಲು. ಪಕ್ಕದಲ್ಲಿಯೇ ರೋಮನ್ ಅಕ್ಷರಗಳಲ್ಲಿ ಹೆಸರುಗಳನ್ನೂ ಬರೆದಿಟ್ಟಿದ್ದರಿಂದ, ಇಂದಿನ ವಿದ್ವಾಂಸರು ಈ ಲಿಪಿಯನ್ನು ಕಲಿಯಲು ಮುಖ್ಯವಾಗಿ ಇಂಥ ಪಟ್ಟಿಗಳನ್ನೇ ನೆಚ್ಚುತ್ತಾರೆ.

ಹೊಸ ಒಡೆಯರನ್ನೂ ಈ ಲಿಪಿ ಬಿಡಲಿಲ್ಲ. ರಾಜಪ್ರತಿನಿಧಿ ಮೆಂಡೋಸಾನ ಹೆಸರಿಗೆ ಒಂದು ಕತ್ತಾಳೆ ಗಿಡ (‘ಮೆತ್ಲ್’), ಬಿಲ ತೋಡುವ ಹೆಗ್ಗಣದಂಥದೊಂದು ಪ್ರಾಣಿ (‘ತೋಸಾನ್’). ‘ಮೆ-ತೋಸಾ’! ನಾವಾತ್ಲ್ ನುಡಿಯಲ್ಲಿ ‘ಡ’ಕಾರವಿಲ್ಲ, ಅವರ ಕಿವಿಗೆ ಆ ಹೆಸರು ಕೇಳಿಸಿದ್ದು ಹಾಗೆ.