ಭಟ್ಕಳದ ಕಲ್ಲಿನ ಮಾಡು, ನೇತ್ರಾಣಿಯ ಕಡಲ ಹದ್ದು

ರಾಮಮೂರ್ತಿ ನಗರಕ್ಕೆ ಸಮೀಪದ ಬೈಯಪ್ಪನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರಲ್ಲಿ ಕಾರ್ಯಾರಂಭ ಮಾಡಿ, ಈಗ ಮುರ್ಡೇಶ್ವರದ ರೈಲು ಅಲ್ಲಿಂದಲೇ ಹೊರಡುತ್ತಿರುವುದರಿಂದ, ಪೂರ್ವ ಬೆಂಗಳೂರಿನವರಿಗೆ ಉತ್ತರ ಕನ್ನಡದ ಕರಾವಳಿ ಬಹಳ ಹತ್ತಿರವಾಗಿದೆ. ಮೈಸೂರು, ಹಾಸನಗಳ ಮೂಲಕ ಸಾಗಿ, ಸಕಲೇಶಪುರದಾಚೆ 57 ಸುರಂಗಗಳ ಘಟ್ಟವನ್ನಿಳಿಯುವ ಈ ಮಾರ್ಗದಲ್ಲಿ ಮುರ್ಡೇಶ್ವರಕ್ಕೆ ಮುನ್ನ ಸಿಗುವ ಭಟ್ಕಳವನ್ನು ನೋಡದೆ ಮುಂದೆ ಸಾಗುವುದು ದೊಡ್ಡ ನಷ್ಟವೇ ಸರಿ.

ಶರಾಬಿ ಹೊಳೆಯ ದಡದ ಈ ಪಟ್ಟಣ ವಿಜಯನಗರ ಕಾಲದ ಮುಖ್ಯ ರೇವುಗಳಲ್ಲೊಂದಾಗಿತ್ತು. ಪರ್ಷಿಯಾ ಕೊಲ್ಲಿಯ ಹೊರ್ಮುಜ್‌ನಿಂದ ಸಾಮ್ರಾಜ್ಯದ ಸೈನ್ಯಕ್ಕೆ ಬೇಕಾದ ಕುದುರೆಗಳು ಇಲ್ಲಿಗೆ ಬಂದಿಳಿಯುತ್ತಿದ್ದವು. ಅಕ್ಕಿ, ಸಕ್ಕರೆ ಇಲ್ಲಿಂದ ಹೊರಹೋಗುತ್ತಿದ್ದವು. ಕಡಲಾಚೆಯಿಂದ ಬಂದ ವರ್ತಕರ ಪರಂಪರೆಯನ್ನು ನೆನೆಯುವ ನವಾಯತ ಮುಸ್ಲಿಮರು ಇಂದಿಗೂ ತಮ್ಮದೇ ಆದ ನವಾಯತಿ ನುಡಿಯನ್ನು ಆಡುತ್ತಾರೆ.

ಆ ವ್ಯಾಪಾರದ ಸಂಪತ್ತು ಉಳಿದಿರುವುದು ಕಲ್ಲಿನಲ್ಲಿ. 16ನೇ ಶತಮಾನದ ಖೇತಪೈ ನಾರಾಯಣ ದೇವಾಲಯ ಮತ್ತು ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಗಳು ಬಯಲುಸೀಮೆಯ ಗುಡಿಗಳಂತಲ್ಲ: ಆಗಾಗ ಸುರಿಯುವ ಮಳೆಗಲ್ಲ, ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಮಳೆಗೆ ಒಗ್ಗುವಂತೆ ಇಲ್ಲಿನ ಶಿಲ್ಪಿಗಳು ಚಪ್ಪಡಿಗಳನ್ನು ಒಂದರ ಮೇಲೊಂದು ಚಾಚಿಕೊಳ್ಳುವಂತೆ ಹೊಂದಿಸಿ, ಹುಲ್ಲು ಹೊದಿಸಿದ ಮನೆಯ ಮಾಡಿನಂಥ ಇಳಿಜಾರು ಛಾವಣಿಯನ್ನು ಕಲ್ಲಿನಲ್ಲೇ ಕಟ್ಟಿದ್ದಾರೆ. ಮರದ ಕೆಲಸದ ತರ್ಕವನ್ನು ಕಲ್ಲಿಗೆ ಒಗ್ಗಿಸಿದ ಈ ಜಾಣ್ಮೆ ಕರ್ನಾಟಕದ ವಾಸ್ತುವಿನಲ್ಲಿ ಅಪರೂಪವಾದದ್ದು. ಖೇತಪೈ ದೇವಾಲಯದ ಗೋಡೆಗಳಲ್ಲಿ ರಾಮಾಯಣದ ದೃಶ್ಯಗಳೂ ಕಾಣಸಿಗುತ್ತವೆ. ಕಣ್ಣನ್ನು ಹತ್ತಿರ ಒಯ್ದು, ನಿಧಾನವಾಗಿ ನೋಡಬೇಕಾದ ಕೆತ್ತನೆಗಳಿವು.

ಮುರ್ಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪ ಇನ್ನೊಂದು ಲೋಕ. ಪಾರಿವಾಳಗಳಿಂದಾಗಿ ಪಾರಿವಾಳ ಗುಡ್ಡವೆಂದೂ ಕರೆಯಲಾಗುವ ಈ ಕಡಿದಾದ ದ್ವೀಪದ ಎತ್ತರದ ಮರಗಳಲ್ಲಿ ಮೀನು, ಕಡಲ ಹಾವುಗಳನ್ನು ಹಿಡಿದು ಬದುಕುವ ಬಿಳಿಹೊಟ್ಟೆಯ ಕಡಲ ಹದ್ದು ಗೂಡು ಕಟ್ಟುತ್ತದೆ. ನೀರಿನಡಿಯಲ್ಲಿ ಹವಳಗಳಿವೆ, ಹವಳವೆಂದರೆ ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತ ಗುಂಪಾಗಿ ಬಾಳುವ ಸಣ್ಣ ಜೀವಿಗಳು, ಕಲ್ಲೂ ಅಲ್ಲ, ಗಿಡವೂ ಅಲ್ಲ. ಅವುಗಳ ಸಂದುಗಳೇ ಬಗೆಬಗೆಯ ಮೀನುಗಳಿಗೆ ಆಸರೆಯಾಗಿರುವುದರಿಂದ, ಮುಳುಗುಗಾರರು ಹವಳವನ್ನು ಮುಟ್ಟದಿರುವುದೂ ದೋಣಿಗಳು ಅದರ ಮೇಲೆ ಲಂಗರು ಹಾಕದಿರುವುದೂ ಅಗತ್ಯ. ಕಡಲು ಕೆರಳುವ ಮಳೆಗಾಲದಲ್ಲಿ ಇಲ್ಲಿನ ಮುಳುಗುಯಾನ ನಿಲ್ಲುತ್ತದೆ. ನೀರು ತಿಳಿಯಾಗುವ ಚಳಿಗಾಲದ ತಿಂಗಳುಗಳೇ ಭೇಟಿಗೆ ತಕ್ಕವು.