ನಾಡಿ ನಿಧಾನವಾದರೆ ಒಳ್ಳೆಯದೇ? ಬಸವನಹುಳುವನ್ನು ಕೇಳೋಣ



ಮೊನ್ನೆ ತಪಾಸಣೆಗೆ ಬಂದ ಹಿರಿಯರೊಬ್ಬರು ಖುಷಿಯಿಂದ ಹೇಳಿದರು: "ಡಾಕ್ಟ್ರೇ, ನಾಡಿ ನಿಧಾನವಾದಷ್ಟೂ ಆಯುಷ್ಯ ಜಾಸ್ತಿ ಅಂತ ಮೆಸೇಜ್ ಬಂದಿತ್ತು. ನನ್ನದು ಬರೀ 46!" ಎರಡು ಮಹಡಿ ಹತ್ತಿದರೆ ಅವರಿಗೆ ಕಣ್ಣು ಕತ್ತಲೆ ಬರುತ್ತದೆ ಎಂಬುದನ್ನು ಹೇಳಿದ್ದು ಪಕ್ಕದಲ್ಲಿದ್ದ ಅವರ ಪತ್ನಿ.

ಅವರಿಗೆ ನಾನು ಬಸವನಹುಳುವಿನ ಕಥೆ ಹೇಳಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 1846ರಲ್ಲಿ ಈಜಿಪ್ಟಿನ ಮರುಭೂಮಿಯ ಒಂದು ಬಸವನಹುಳುವನ್ನು ಸತ್ತಿದೆಯೆಂದು ತಿಳಿದು ರಟ್ಟಿಗೆ ಅಂಟಿಸಿಟ್ಟಿದ್ದರು. 1850ರಲ್ಲಿ ಉಗುರುಬೆಚ್ಚಗಿನ ನೀರಿಗೆ ಹಾಕಿದಾಗ ಅದು ಚಿಪ್ಪಿನಿಂದ ಹೊರಗೆ ಬಂತು! ಸುಮಾರು ನಾಲ್ಕು ವರ್ಷ ಅದು ಸತ್ತಿರಲಿಲ್ಲ, ಮಲಗಿತ್ತು.

ಬರ ಬಿದ್ದಾಗ ಬಸವನಹುಳು ಚಿಪ್ಪಿನ ಬಾಯಿಗೆ ಲೋಳೆಯ ಪರದೆ ಕಟ್ಟಿಕೊಂಡು ಒಳಗೆ ಸೇರುತ್ತದೆ. ಹೃದಯ ಬಡಿತ ಇಳಿಯುತ್ತದೆ, ಆಮ್ಲಜನಕದ ಬಳಕೆಯೂ ಇಳಿಯುತ್ತದೆ. ನರಕೋಶಗಳ ಗತಿ ಏನು? 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಹೆರಾಲ್ಡ್ ಗೇನರ್ ಇದನ್ನೇ ನೋಡಿದರು. ಒಟಾಲಾ ಎಂಬ ಬಸವನಹುಳುವಿನಲ್ಲಿ ಒಂದು ದೊಡ್ಡ ನರಕೋಶವಿದೆ. ಹುಳು ಎಚ್ಚರವಿದ್ದಾಗ ಅದು ಯಾರೂ ಹೇಳದೆ ತಾನಾಗಿಯೇ ಮಿಡಿಯುತ್ತದೆ: ಒಂದಷ್ಟು ಮಿಡಿತ, ಸ್ವಲ್ಪ ಬಿಡುವು, ಮತ್ತೆ ಮಿಡಿತ. ಹುಳು ಮಲಗಿದಾಗ ಆ ಕೋಶ ಮೌನ.

ಆದರೆ ಕೋಶ ಕೆಟ್ಟಿರಲಿಲ್ಲ. 1974ರಲ್ಲಿ ಗೇನರ್ ಮತ್ತು ಅವರ ಸಹೋದ್ಯೋಗಿ ಬಾರ್ಕರ್, ಅತಿ ಸ್ವಲ್ಪ ಪ್ರಮಾಣದ ವಾಸೊಪ್ರೆಸಿನ್ ಕೊಟ್ಟರೆ ಆ ಮೌನ ಕೋಶ ಮತ್ತೆ ಮಿಡಿಯುತ್ತದೆ ಎಂದು ತೋರಿಸಿದರು. ನಮ್ಮ ದೇಹದಲ್ಲಿ ಮೂತ್ರಪಿಂಡಗಳಿಗೆ "ನೀರು ಉಳಿಸಿ" ಎಂದು ಹೇಳುವ ಹಾರ್ಮೋನ್ ಇದೇ.

ನಮ್ಮ ಹೃದಯದಲ್ಲೂ ತಾನಾಗಿಯೇ ಮಿಡಿಯುವ ಕೋಶಗಳ ಒಂದು ಗುಂಪಿದೆ. ಅದಕ್ಕೆ ಸೈನಸ್ ನೋಡ್ ಎನ್ನುತ್ತೇವೆ. ನಿದ್ದೆಯಲ್ಲಿ ಅದು ನಿಧಾನವಾಗುತ್ತದೆ, ಓಟಗಾರರಲ್ಲಿ ಕುಳಿತಾಗಲೂ ನಾಡಿ 50ರ ಕೆಳಗಿರಬಹುದು. ಅದು ವಿಶ್ರಾಂತಿ. ಕಾರಣ, ಎದ್ದು ಓಡಿದರೆ ನಾಡಿ ತಕ್ಷಣ ಏರುತ್ತದೆ. ಮಳೆ ಬಿದ್ದರೂ ಏಳದಿದ್ದರೆ ಅದು ನಿದ್ದೆಯಲ್ಲ, ಕಾಯಿಲೆ.

ನೀವೇ ನೋಡಿಕೊಳ್ಳಿ. ಐದು ನಿಮಿಷ ಸುಮ್ಮನೆ ಕುಳಿತು, ಪೂರ್ತಿ ಒಂದು ನಿಮಿಷ ನಾಡಿ ಎಣಿಸಿ. ಸ್ವಲ್ಪ ಚುರುಕಾಗಿ ನಡೆದು ಬಂದು ಮತ್ತೆ ಎಣಿಸಿ. ಸಂಖ್ಯೆ ಚೆನ್ನಾಗಿ ಏರಬೇಕು. ಎದೆನೋವು, ತಲೆಸುತ್ತು ಇರುವವರು ಈ ಪರೀಕ್ಷೆ ಮಾಡದೆ ನೇರವಾಗಿ ವೈದ್ಯರ ಬಳಿ ಹೋಗಿ.

ನಾಡಿ ನಿಧಾನವಿದ್ದು ಕಣ್ಣು ಕತ್ತಲೆ, ಎಚ್ಚರ ತಪ್ಪುವುದು, ಸ್ವಲ್ಪ ನಡೆದರೂ ಏದುಸಿರು ಇದ್ದರೆ "ವಯಸ್ಸಾಯಿತು" ಎಂದು ಸುಮ್ಮನಿರಬೇಡಿ. ಇಸಿಜಿ ಮಾಡಿಸಿ. ಬಿಪಿಯ ಕೆಲವು ಮಾತ್ರೆಗಳು, ಕಣ್ಣಿನ ಒತ್ತಡಕ್ಕೆ ಹಾಕುವ ಕೆಲವು ಹನಿಗಳು, ಥೈರಾಯ್ಡ್ ಕೊರತೆ ಕೂಡ ನಾಡಿ ಇಳಿಸುತ್ತವೆ. ಎಲ್ಲವನ್ನೂ ವೈದ್ಯರಿಗೆ ತಿಳಿಸಿ, ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಆ ಹಿರಿಯರ ನಾಡಿ ಟ್ರೆಡ್‌ಮಿಲ್ ಮೇಲೂ 60 ದಾಟಲಿಲ್ಲ. ಈಗ ಪೇಸ್‌ಮೇಕರ್ ಹಾಕಿದ್ದೇವೆ. ಮಹಡಿ ಹತ್ತಿ ಬಂದು ಪತ್ನಿಯ ಕೈಯಲ್ಲಿ ನಾಡಿ ಎಣಿಸಿಕೊಳ್ಳುತ್ತಾರೆ. 90 ಬಂದರೆ ಇಬ್ಬರಿಗೂ ಸಮಾಧಾನ.

ಮನೆಯ ಹಿರಿಯರಿಗೆ ಇದನ್ನು ಕಳುಹಿಸಿ. ಇನ್ನೂ ಒಳ್ಳೆಯದು, ಇವತ್ತೇ ಅವರ ಕೈ ಹಿಡಿದು ನಾಡಿ ಎಣಿಸಿ.